ಪಾಯ ತೋಡುವ ಮುನ್ನ ಪಕ್ಕದ ಮನೆಗೊಂದು ನೋಟಿಸ್

ಮನೆ ಕಟ್ಟಲು ಹೊರಟವರು ಪುರೋಹಿತರ ಹತ್ತಿರ ಮುಹೂರ್ತ ಕೇಳುತ್ತಾರೆ, ಬ್ಯಾಂಕಿನಲ್ಲಿ ಸಾಲ ಕೇಳುತ್ತಾರೆ. ಗೋಡೆ ಹಂಚಿಕೊಂಡ ಪಕ್ಕದ ಮನೆಯವರನ್ನು ಮಾತ್ರ ಒಂದು ಮಾತು ಕೇಳುವುದಿಲ್ಲ. ಕೇಳಿದರೆ ಅದು ಅವರ ದೊಡ್ಡತನ, ಕೇಳದಿದ್ದರೆ ತಪ್ಪೇನಿಲ್ಲ ಎಂಬಂತಿದೆ ನಮ್ಮ ವ್ಯವಸ್ಥೆ. ಇದು ಅವರವರ ದೊಡ್ಡತನಕ್ಕೆ ಬಿಡುವ ವಿಷಯವಲ್ಲ, ನಿಯಮವಾಗಬೇಕು ಎಂಬುದು ನನ್ನ ವಾದ.

ನಾನು ಮೈಸೂರಿನಲ್ಲಿ ಹಳೇ ಮನೆಗಳ ದುರಸ್ತಿ ಮಾಡಿಸುವ ಸಿವಿಲ್ ಎಂಜಿನಿಯರ್. ಆಗೊಮ್ಮೆ ಈಗೊಮ್ಮೆ ನ್ಯಾಯಾಲಯ ನನ್ನನ್ನು ಕಮಿಷನರ್ ಆಗಿ ನೇಮಿಸಿ, ಜಗಳದ ಗೋಡೆ ನೋಡಿ ವರದಿ ಕೊಡು ಎನ್ನುತ್ತದೆ. ಅಗ್ರಹಾರ, ದೇವರಾಜ ಮೊಹಲ್ಲಾಗಳ ಹಳೇ ಬೀದಿಗಳಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ ಇರುವುದು ಸಾಮಾನ್ಯ. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹಜಾರದ ಗೋಡೆಯೇ ಗಡಿಯಾಗಿರುತ್ತದೆ. ಕ್ರಯಪತ್ರದ ಚಕ್ಕುಬಂದಿಯಲ್ಲಿ ಅದು ಇಬ್ಬರಿಗೂ ಸೇರಿದ್ದು ಎಂದಷ್ಟೇ ಬರೆದಿರುತ್ತದೆ. ಅದನ್ನು ಯಾರು ಎಷ್ಟು ಎತ್ತರಿಸಬಹುದು, ಯಾರು ತೊಲೆ ಕೂರಿಸಬಹುದು, ಒಬ್ಬರು ತಮ್ಮ ಮನೆ ಕೆಡವಿದರೆ ಉಳಿದ ಗೋಡೆಗೆ ಮಳೆ ಬಡಿಯದಂತೆ ಯಾರು ನೋಡಿಕೊಳ್ಳಬೇಕು ಎಂಬುದರ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರದು ಮಣ್ಣುಗಾರೆಯ ಇಟ್ಟಿಗೆ ಗೋಡೆಯ ಹೆಂಚಿನ ಮನೆ. ಪಕ್ಕದವರು ತಮ್ಮ ಭಾಗ ಕೆಡವಿ ಮೂರು ಅಂತಸ್ತು ಎಬ್ಬಿಸಲು ಹೊರಟರು. ಜೆಸಿಬಿ ಬಂದು, ನಡುಗೋಡೆಯ ಉದ್ದಕ್ಕೂ ಒಂದೇ ಏಟಿಗೆ ಆರು ಅಡಿ ಆಳದ ಹಳ್ಳ ತೋಡಿತು. ಮೇಷ್ಟ್ರ ಮನೆಯ ಕಲ್ಲಿನ ಪಾಯ ಇದ್ದದ್ದು ಮೂರಡಿಗೂ ಕಡಿಮೆ. ಎರಡು ಮಳೆ ಬಿದ್ದ ಮೇಲೆ ದೇವರಮನೆ ಕಿಟಕಿಯ ಮೂಲೆಯಿಂದ ಸೂರಿನವರೆಗೆ ಓರೆಯಾಗಿ ಬಿರುಕು ಓಡಿತು. ಕಂಟ್ರಾಕ್ಟರ್ ಮಾತ್ರ ನಿರಾಳ: "ಎರಡು ದಿನ ತಡ್ಕೊಳ್ಳಿ ಮೇಷ್ಟ್ರೇ, ಕಾಂಕ್ರೀಟ್ ಬಿದ್ಮೇಲೆ ಎಲ್ಲ ಸರಿಹೋಗುತ್ತೆ."

ನಾನು ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಸೀಳುತ್ತದೆ. ಸೀಳಿತು. ಆದರೂ ವಿಷಯ ಕೋರ್ಟಿಗೆ ಹೋದಾಗ ಎದುರು ಪಕ್ಷದ ವಕೀಲರ ಮೊದಲ ಪ್ರಶ್ನೆ, "ಬಿರುಕು ಮೊದಲೇ ಇರಲಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?" ಅಗೆಯುವ ಮುನ್ನ ಆ ಗೋಡೆಯ ಒಂದು ಫೋಟೊವನ್ನೂ ಯಾರೂ ತೆಗೆದಿರಲಿಲ್ಲ. ವ್ಯಾಜ್ಯ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಪಕ್ಕದ ನೆಲದ ಆಸರೆ ಪಡೆಯುವುದು ನಮ್ಮ ನೆಲಕ್ಕೆ ಸಹಜ ಹಕ್ಕು. ಆದರೆ ಆ ನೆಲದ ಮೇಲೆ ಕಟ್ಟಿದ ಮನೆಗೆ ಆ ಹಕ್ಕು ತಾನಾಗಿ ಬರುವುದಿಲ್ಲ. 20 ವರ್ಷ ಅಡ್ಡಿಯಿಲ್ಲದೆ ಆಸರೆ ಪಡೆದಿದ್ದೇವೆ ಎಂದು ತೋರಿಸಬೇಕು. ತುರ್ತಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ತಡೆಯಾಜ್ಞೆ ಕೇಳಬಹುದು. ಕಟ್ಟುವವರು ಅದನ್ನು ಮೊದಲೇ ಊಹಿಸಿ, ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ ಎಂದು 148-ಎ ಕಲಮಿನಡಿ 90 ದಿನ ಊರ್ಜಿತವಿರುವ ಕೇವಿಯಟ್ ಹಾಕಿಟ್ಟಿರುತ್ತಾರೆ. ಅಂದರೆ ನೆರೆಹೊರೆಯವರ ಮೊದಲ ಲಿಖಿತ ವ್ಯವಹಾರವೇ ಕೋರ್ಟಿನ ಮೂಲಕ. ಗುದ್ದಲಿ ಬೀಳುವ ಮುನ್ನ ಇಬ್ಬರೂ ಕೂತು ಮಾತಾಡಿ ಎಂದು ಕಡ್ಡಾಯ ಮಾಡುವ ಹಂತವೇ ಇಲ್ಲ. ನಾನು ತುಂಬಿಸಿಕೊಟ್ಟ ನಕ್ಷೆ ಮಂಜೂರಾತಿ ಅರ್ಜಿಗಳಲ್ಲಿ ಖಾತೆ, ಕಂದಾಯ ರಸೀದಿ, ಸೆಟ್‌ಬ್ಯಾಕ್ ಎಲ್ಲ ಕೇಳಿದ್ದಾರೆ. ಪಕ್ಕದ ಪಾಯ ಎಷ್ಟು ಆಳವಿದೆ ಎಂದು ಕೇಳಿಲ್ಲ.

ಈ ಹಂತ ಹೇಗಿರಬಹುದು ಎಂಬುದಕ್ಕೆ ಇಂಗ್ಲೆಂಡ್ ಮತ್ತು ವೇಲ್ಸ್‌ನ 1996ರ ಪಾರ್ಟಿ ವಾಲ್ ಕಾಯ್ದೆ ಒಳ್ಳೆಯ ಮಾದರಿ. 1666ರ ಲಂಡನ್ ಮಹಾ ಬೆಂಕಿಯ ನಂತರ ಊರನ್ನು ಮತ್ತೆ ಕಟ್ಟಿದಾಗಿನಿಂದಲೂ ಹಂಚಿಕೊಂಡ ಗೋಡೆಗಳಿಗೆ ಅಲ್ಲಿ ನಿಯಮಗಳಿವೆ. ಈಗಿನ ಕಾಯ್ದೆಯಂತೆ ನಡುಗೋಡೆಯನ್ನೇ ಮುಟ್ಟುವುದಾದರೆ ಎರಡು ತಿಂಗಳು ಮೊದಲು ಪಕ್ಕದವರಿಗೆ ಲಿಖಿತ ನೋಟಿಸ್ ಕೊಡಬೇಕು. ಪಕ್ಕದ ಕಟ್ಟಡದಿಂದ ಮೂರು ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳವಾಗಿ ಅಗೆಯುವುದಾದರೆ ಒಂದು ತಿಂಗಳು ಮೊದಲು. ಆಗ ನೋಟಿಸಿನ ಜತೆ ನಕ್ಷೆಯೂ ಇರಬೇಕು. 14 ದಿನಗಳಲ್ಲಿ ಒಪ್ಪಿಗೆ ಬಾರದಿದ್ದರೆ ವಿವಾದವಿದೆ ಎಂದೇ ಅರ್ಥ. ಆಗ ಇಬ್ಬರೂ ಸೇರಿ ಒಬ್ಬ ಸರ್ವೇಯರನ್ನು ನೇಮಿಸಬಹುದು, ಇಲ್ಲವೇ ತಲಾ ಒಬ್ಬರನ್ನು. ಕೆಲಸ ಹೇಗೆ, ಯಾವ ಹೊತ್ತಿನಲ್ಲಿ ನಡೆಯಬೇಕೆಂದು ಅವರು ಲಿಖಿತ ತೀರ್ಪು ಕೊಡುತ್ತಾರೆ. ಕೆಲಸಕ್ಕೆ ಮುನ್ನ ಪಕ್ಕದ ಮನೆಯ ಪ್ರತಿ ಬಿರುಕನ್ನೂ ದಾಖಲಿಸುವುದು ಅಲ್ಲಿನ ವಾಡಿಕೆ. ಮೇಷ್ಟ್ರ ಕೈಯಲ್ಲಿ ಇರದೇ ಹೋದದ್ದು ಈ ದಾಖಲೆಯೇ.

ಹೀಗೆಂದ ತಕ್ಷಣ ಬಿಲ್ಡರ್ ಮಿತ್ರರು, "ನೋಟಿಸ್ ಕೊಟ್ಟರೆ ಪಕ್ಕದವನು ದುಡ್ಡು ಕೀಳೋಕೆ ಕೂತ್ಕೋತಾನೆ" ಎನ್ನುತ್ತಾರೆ. ಭಯ ಸುಳ್ಳಲ್ಲ. ಆದರೆ ಆ ಕಾಯ್ದೆಯ ಅಡಿಯಲ್ಲಿ ಪಕ್ಕದವರು ಕೆಲಸ ಬೇಡವೇ ಬೇಡ ಎನ್ನುವಂತಿಲ್ಲ; ಹೇಗೆ ಮಾಡಬೇಕೆಂದು ಮಾತ್ರ ಕೇಳಬಹುದು. ಗೋಡೆ ಎತ್ತರಿಸುವ, ತೊಲೆ ಕೂರಿಸುವ, ಅಗತ್ಯಬಿದ್ದರೆ ಮುಂಚಿತವಾಗಿ ತಿಳಿಸಿ ಪಕ್ಕದ ಜಾಗಕ್ಕೆ ಕಾಲಿಡುವ ಹಕ್ಕು ಕಟ್ಟುವವರಿಗಿದೆ. ಪ್ರತಿಯಾಗಿ, ಹಾನಿಯಾದರೆ ಅವರೇ ತುಂಬಿಕೊಡಬೇಕು, ಹೊಸದಾಗಿ ಬಯಲಾದ ಗೋಡೆಗೆ ಮಳೆಯಿಂದ ರಕ್ಷಣೆ ಕೊಡಬೇಕು. ನಮ್ಮಲ್ಲಿ ತಡೆಯಾಜ್ಞೆ ಬಂದು ಕೆಲಸ ನಿಂತಾಗ, ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಕಟ್ಟುತ್ತಾ ಕೂತ ಮಾಲೀಕರನ್ನು ನೋಡಿದ್ದೇನೆ. ಅವರಿಗೆ ಒಂದು ತಿಂಗಳ ನೋಟಿಸ್ ಅಗ್ಗದ ಬಾಬತ್ತು.

ಆ ಕಾಯ್ದೆಯನ್ನು ಹಾಗೇ ಎತ್ತಿ ತರಬೇಕೆಂದು ನಾನು ಹೇಳುತ್ತಿಲ್ಲ. ನೋಟಿಸ್ ಕೊಡದವರಿಗೆ ಅದರಲ್ಲಿ ದಂಡವೇ ಇಲ್ಲ. ಪಕ್ಕದವರು ಅಲ್ಲೂ ಕೋರ್ಟಿಗೇ ಹೋಗಬೇಕು. ಸರ್ವೇಯರ್‌ಗಳ ಶುಲ್ಕ ವಿಪರೀತ ಎಂಬ ದೂರೂ ಇದೆ. ನಮ್ಮ 20–30, 30–40 ಸೈಟುಗಳ ಜನಕ್ಕೆ ಇಬ್ಬರು ತಜ್ಞರ ಶುಲ್ಕ ಭರಿಸುವುದು ಕಷ್ಟ. ನಕ್ಷೆಗೆ ಸಹಿ ಹಾಕುವ ಎಂಜಿನಿಯರಿಗೇ ಈ ಹೊಣೆ ಹೊರಿಸಿ, ಒಪ್ಪದವರು ಮಾತ್ರ ಬೇರೆಯವರನ್ನು ನೇಮಿಸಿಕೊಳ್ಳಲು ಅವಕಾಶ ಕೊಟ್ಟರೆ ಸಾಕು.

ಇದಕ್ಕೆ ಹೊಸ ಇಲಾಖೆ ಬೇಡ. ಮಂಜೂರಾತಿ ಅರ್ಜಿಗೆ ಒಂದು ಹಾಳೆ ಸೇರಿಸಿದರೆ ಆಯಿತು. ಅದರಲ್ಲಿ ಪಕ್ಕದ ಪಾಯದ ಆಳ, ನಾವು ಅಗೆಯುವ ಆಳ, ಅಗೆಯುವ ವಿಧಾನ ಇರಲಿ. ಗೋಡೆಗುಂಟ ಅಗೆಯುವಾಗ ಮೂರ್ನಾಲ್ಕು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ತೋಡಿ ತುಂಬುತ್ತಾ ಹೋದರೆ ಹಳೇ ಪಾಯಕ್ಕೆ ಅಪಾಯ ಎಷ್ಟೋ ಕಡಿಮೆ. ಇದು ಹಳೇ ಮೇಸ್ತ್ರಿಗಳಿಗೆಲ್ಲ ಗೊತ್ತು. ಜತೆಗೆ ಪಕ್ಕದ ಮನೆಯ ಫೋಟೊಗಳು, ಅವರಿಗೆ ನೋಟಿಸ್ ತಲುಪಿದ್ದಕ್ಕೆ ರುಜು. ರುಜು ಹಾಕಲು ಒಲ್ಲದಿದ್ದರೆ ಅಂಚೆಯ ಸ್ವೀಕೃತಿ. ಈ ಹಾಳೆ ಇಲ್ಲದ ಅರ್ಜಿಯನ್ನು ಕೌಂಟರಿನಲ್ಲೇ ವಾಪಸ್ ಕೊಡಲಿ.

ಸರ್ಕಾರ ಏಳುವವರೆಗೂ ಕಾಯಬೇಕಿಲ್ಲ. ನನ್ನ ಹತ್ತಿರ ಕೆಲಸಕ್ಕೆ ಬರುವವರಿಗೆ ಈಗ ಇದೇ ಷರತ್ತು ಹಾಕುತ್ತೇನೆ: ಪಕ್ಕದವರ ಜತೆ ಛಾಪಾ ಕಾಗದದ ಮೇಲೆ ಕರಾರು, ಎರಡೂ ಕಡೆಯ ಫೋಟೊ, ಆಮೇಲೆ ಜೆಸಿಬಿ. ಕೆಲವರು ಗೊಣಗಿ ಬೇರೆ ಎಂಜಿನಿಯರ್ ಹತ್ತಿರ ಹೋಗುತ್ತಾರೆ. ನಿಯಮ ಎಲ್ಲರಿಗೂ ಒಂದೇ ಆದರೆ ಹಾಗೆ ಹೋಗಲು ಜಾಗವಿರುವುದಿಲ್ಲ. ಅದಕ್ಕೇ ಇದು ಕಾನೂನಾಗಬೇಕು ಎನ್ನುತ್ತಿರುವುದು.