ಹಗ್ಗ ಕೇಳಿದ ಬ್ಲಾಗಿಗರು

ರಜಾಕಾರ ಎಂಬ ಮಾತು ಕಿವಿಗೆ ಬಿದ್ದರೆ ಬೀದರ, ಕಲಬುರಗಿ ಕಡೆಯ ಹಿರಿಯರ ಮುಖ ಇವತ್ತಿಗೂ ಬಿಗಿಯುತ್ತದೆ. ಹೈದರಾಬಾದ್ ನಿಜಾಮನ ಪರವಾಗಿದ್ದ ಆ ಪಡೆಗೆ ಹೆದರಿ 1948ರಲ್ಲಿ ನಮ್ಮ ಮುತ್ಯಾ ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚಿ ಬಿಟ್ಟು, ಮಕ್ಕಳನ್ನು ಹೆಗಲಿಗೇರಿಸಿಕೊಂಡು ರಾತ್ರೋರಾತ್ರಿ ಸೊಲ್ಲಾಪುರದ ದಾರಿ ಹಿಡಿದವನು. ರಜಾಕಾರರ ಮುಖಂಡ ಕಾಸಿಂ ರಜ್ವಿ ಒಂಬತ್ತು ವರ್ಷಗಳ ನಂತರ ಜೈಲಿನಿಂದ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. 'ಬಿಟ್ಟ್ ಕಳಿಸ್ಯಾರ ನೋಡಪಾ' ಎಂದು ಮುತ್ಯಾ ಸಾಯುವ ತನಕ ಹಲ್ಲು ಕಡಿಯುತ್ತಿದ್ದ. ಹೀಗಾಗಿ 2013ರ ಫೆಬ್ರುವರಿಯಲ್ಲಿ ಢಾಕಾದ ಶಾಹಬಾಗ್ ಚೌಕದಲ್ಲಿ ಸಾವಿರಾರು ಕಂಠಗಳು 'ತುಯಿ ರಾಜಾಕಾರ್' (ನೀನು ರಜಾಕಾರ, ಅಂದರೆ 1971ರಲ್ಲಿ ಪಾಕಿಸ್ತಾನದ ಸೇನೆಯ ಜೊತೆ ನಿಂತವನು) ಎಂದು ಕೂಗಿದಾಗ ಆ ಸಿಟ್ಟು ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ಸಿಟ್ಟಿನ ಮನೆಯಲ್ಲೇ ಹುಟ್ಟಿದವನಾಗಿ ಹೇಳುತ್ತಿದ್ದೇನೆ: ಶಾಹಬಾಗ್ ಕೇಳಿದ್ದು ತಪ್ಪು.

ಚೌಕದಲ್ಲಿ ಮೊದಲು ಸೇರಿದವರು ಬ್ಲಾಗಿಗರು. ಫೆಬ್ರುವರಿ 5ರಂದು ಬಾಂಗ್ಲಾದೇಶದ ಅಂತರರಾಷ್ಟ್ರೀಯ ಅಪರಾಧಗಳ ನ್ಯಾಯಮಂಡಳಿ ಜಮಾತ್-ಎ-ಇಸ್ಲಾಮಿಯ ನಾಯಕ ಅಬ್ದುಲ್ ಕಾದೇರ್ ಮೊಲ್ಲಾನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. 1971ರ ಬಾಂಗ್ಲಾ ವಿಮೋಚನಾ ಯುದ್ಧದಲ್ಲಿ ಪಾಕಿಸ್ತಾನದ ಸೇನೆಯ ಜೊತೆ ನಿಂತು ನಡೆಸಿದ ಸಾಮೂಹಿಕ ಹತ್ಯೆಗಳಿಗಾಗಿ 'ಮಿರ್‌ಪುರದ ಕಟುಕ' ಎಂದೇ ಹೆಸರಾಗಿದ್ದವನು ಆತ. ನ್ಯಾಯಾಲಯದಿಂದ ಹೊರಬರುತ್ತ ಎರಡು ಬೆರಳೆತ್ತಿ ವಿಜಯದ ಸನ್ನೆ ಮಾಡಿದ. ಆ ಎರಡು ಬೆರಳು ದೇಶವನ್ನೇ ಚುಚ್ಚಿದವು. ಬ್ಲಾಗಿಗರ ಮತ್ತು ಆನ್‌ಲೈನ್ ಕಾರ್ಯಕರ್ತರ ಜಾಲ ಕರೆ ಕೊಟ್ಟಿತು. ಅಂದೇ ಮಧ್ಯಾಹ್ನ ರಾಷ್ಟ್ರೀಯ ಮ್ಯೂಸಿಯಂ ಎದುರು ಬೆರಳೆಣಿಕೆಯ ಜನ ನಿಂತರು. ಕೆಲವೇ ದಿನಗಳಲ್ಲಿ ಆಸ್ಪತ್ರೆಯ ಗೇಟಿನಿಂದ ಹೂವಿನ ಅಂಗಡಿಗಳ ಸಾಲಿನವರೆಗೆ ಕಾಲಿಡಲು ಜಾಗವಿರಲಿಲ್ಲ. ಹಾಡು, ಬೀದಿನಾಟಕ, ರಸ್ತೆಯ ಮೇಲೆ ರಂಗು. 1971ರಲ್ಲಿ ಮಗನನ್ನು ಕಳೆದುಕೊಂಡ, 1992ರಲ್ಲಿ ಜನತಾ ನ್ಯಾಯಾಲಯ ನಡೆಸಿದ ಜಹಾನಾರಾ ಇಮಾಮ್ ಅವರ ದೊಡ್ಡ ಚಿತ್ರ. ಹಗಲೂ ರಾತ್ರಿ ವಾದ, ಪ್ರತಿವಾದ. ರಾತ್ರಿ ಒಂಬತ್ತಾದರೂ ಹೆಣ್ಣುಮಕ್ಕಳು ನಿರ್ಭಯವಾಗಿ ಕೂತು ಘೋಷಣೆ ಹೇಳಿಕೊಟ್ಟರು, ಗಂಡಸರು ಹಿಂದಿನಿಂದ ಕೂಗಿದರು. ಅಕ್ಷರಮಾಲೆ ಕಲಿಸುವಂತೆ 'ಕ ಅಂದರೆ ಕಾದೇರ್ ಮೊಲ್ಲಾ' ಎಂದು ಹೇಳಿಸಿದರು. ಇದೆಲ್ಲ ಸುಂದರವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅಪ್ಪನ ಹೆಗಲ ಮೇಲೆ ಕೂತ ಮಗುವಿನ ಹಣೆಪಟ್ಟಿಯಲ್ಲಿ ಬರೆದಿದ್ದದ್ದು 'ಫಾಂಶಿ ಚಾಯ್'. ಗಲ್ಲು ಬೇಕು.

ಸರ್ಕಾರಕ್ಕೆ ಇದಕ್ಕಿಂತ ಸುಲಭದ ಬೇಡಿಕೆ ಇನ್ನೊಂದಿರಲಾರದು. ಅನ್ನ ಕೇಳಿದರೆ ಕಷ್ಟ, ಕೆಲಸ ಕೇಳಿದರೆ ಇನ್ನೂ ಕಷ್ಟ. ಹೆಣ ಕೇಳಿದರೆ ಸರ್ಕಾರಕ್ಕೆ ಖರ್ಚಿಲ್ಲ. ಅದುವರೆಗೆ ಆರೋಪಿ ಖುಲಾಸೆಯಾದರೆ ಮಾತ್ರ ಸರ್ಕಾರ ಮೇಲ್ಮನವಿ ಹಾಕಬಹುದಿತ್ತು. ಫೆಬ್ರುವರಿ 17ರಂದು ಸಂಸತ್ತು ಕಾನೂನು ತಿದ್ದಿ, ಕಡಿಮೆ ಶಿಕ್ಷೆಯ ವಿರುದ್ಧವೂ ಹಾಕಬಹುದು ಎಂದಿತು. ತಿದ್ದುಪಡಿ ಹಿಂದಿನ ದಿನಾಂಕದಿಂದಲೇ ಜಾರಿ. ತೀರ್ಪು ಬಂದ ಮೇಲೆ ಆ ತೀರ್ಪಿಗಾಗಿಯೇ ನಿಯಮ ಬದಲಾಯಿತು. ಡಿಸೆಂಬರ್ 12ರಂದು ಮೊಲ್ಲಾ ನೇಣಿಗೇರಿದ. 2016ರ ಹೊತ್ತಿಗೆ ಆರು ಮಂದಿ.

'ಕಟುಕನ ಮೇಲೆ ನಿನಗೆ ಕನಿಕರವೇ?' ಎಂದು ಗೆಳೆಯರು ನನ್ನನ್ನು ಕೇಳಿದ್ದಾರೆ. ಕನಿಕರವಿಲ್ಲ. ಅವನು ಜೈಲಿನಲ್ಲೇ ಮುದುಕನಾಗಿ ಸತ್ತಿದ್ದರೆ ನನಗೇನೂ ನೋವಾಗುತ್ತಿರಲಿಲ್ಲ. ನನ್ನ ಚಿಂತೆಯೆಲ್ಲ ಬ್ಲಾಗಿಗರದ್ದು. ಅವರ ಹತ್ತಿರ ಇದ್ದದ್ದು ಅಕ್ಷರ ಮಾತ್ರ. ಜನರ ಕೂಗಿಗೆ ತಕ್ಕಂತೆ ಕಾನೂನು ಬಾಗಬಹುದು ಎಂದು ತೋರಿಸಿಕೊಟ್ಟ ಮೇಲೆ, ಅವರಿಗಿಂತ ದೊಡ್ಡ ದನಿಯವರು ಬಂದೇ ಬರುತ್ತಾರೆ. ಬಂದರು ಕೂಡ. ಧಾರ್ಮಿಕ ಸಂಘಟನೆ ಹೆಫಾಜತ್-ಎ-ಇಸ್ಲಾಂ 13 ಬೇಡಿಕೆ ಹಿಡಿದು ಢಾಕಾಕ್ಕೆ ನಡೆಯಿತು. ಧರ್ಮನಿಂದೆಗೆ ಮರಣದಂಡನೆ ಬೇಕು ಎಂದಿತು. ಬೇಡಿಕೆ ಅದೇ, ಕೊರಳು ಬೇರೆ.

ಅಷ್ಟರಲ್ಲಿ ಶಾಹಬಾಗ್‌ನ ಬ್ಲಾಗಿಗ, ವೃತ್ತಿಯಿಂದ ವಾಸ್ತುಶಿಲ್ಪಿ ಅಹ್ಮದ್ ರಾಜೀಬ್ ಹೈದರ್ ಅವರನ್ನು ಫೆಬ್ರುವರಿ 15ರಂದು ಮನೆಯ ಬಳಿಯೇ ಕಡಿದು ಹಾಕಿದ್ದರು. ಪ್ರಧಾನಿ ಶೇಖ್ ಹಸೀನಾ ಆ ಮನೆಗೆ ಹೋಗಿ ಸಾಂತ್ವನ ಹೇಳಿದರು. ಏಪ್ರಿಲ್ ಬಂತು, ಅದೇ ಹಸೀನಾ ಸರ್ಕಾರ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ನಾಲ್ವರು ಬ್ಲಾಗಿಗರನ್ನು ಬಂಧಿಸಿತು. ಆಗಿನ ಒಂದು ಫೋಟೊ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಮೇಜಿನ ಮೇಲೆ ವಶಪಡಿಸಿಕೊಂಡ ಲ್ಯಾಪ್‌ಟಾಪ್‌ಗಳು, ಹಿಂದೆ ಸಾಲಾಗಿ ನಿಲ್ಲಿಸಿದ ಮೂವರು ಹುಡುಗರು. ಕಳ್ಳಬಟ್ಟಿ ಹಿಡಿದಾಗ ನಮ್ಮ ಪೊಲೀಸರು ಕ್ಯಾನುಗಳ ಹಿಂದೆ ಆರೋಪಿಗಳನ್ನು ನಿಲ್ಲಿಸುತ್ತಾರಲ್ಲ, ಥೇಟ್ ಹಾಗೆ.

ಆಮೇಲಿನದು ಕೊಲೆಗಳ ಸಾಲು. 2015ರ ಫೆಬ್ರುವರಿ 26ರಂದು ಮುಕ್ತಮನ ತಾಣದ ಸ್ಥಾಪಕ ಅಭಿಜಿತ್ ರಾಯ್ ಪುಸ್ತಕ ಮೇಳದಿಂದ ಹೊರಬರುವಾಗ ಕೊಲೆಯಾದರು. ಜೊತೆಗಿದ್ದ ಹೆಂಡತಿಯ ಹೆಬ್ಬೆರಳು ತುಂಡಾಯಿತು. ಅದೇ ವರ್ಷ ವಾಶಿಕುರ್ ರಹಮಾನ್, ಅನಂತ ವಿಜಯ ದಾಸ್, ನಿಲಯ್ ಚಟರ್ಜಿ. ಅದೇ ವರ್ಷ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಕೊಂದವರ ಧರ್ಮ ಬೇರೆ ಬೇರೆ ಇರಬಹುದು, ಸತ್ತವರ ಬಗ್ಗೆ ಕೇಳಿದ ಪ್ರಶ್ನೆ ಎರಡೂ ಕಡೆ ಒಂದೇ: 'ಅಂಥದ್ದೇನು ಬರೆದಿದ್ದರು?' ಈ ಪ್ರಶ್ನೆ ಕೇಳುವವರು ಕೊಲೆಗೆ ಕಾರಣ ಹುಡುಕಿಕೊಡುತ್ತಿರುತ್ತಾರೆ. ಶಾಹಬಾಗ್‌ನ ಬೇಡಿಕೆಯನ್ನು ತಪ್ಪೆನ್ನುವ ನಾನು, 'ಬ್ಲಾಗಿಗರು ಮಾಡಿದ್ದನ್ನು ಉಂಡರು' ಎನ್ನುವವರ ಪಂಕ್ತಿಯಲ್ಲಿ ಕೂರಲಾರೆ.

ಗೌರಿ ಸತ್ತ ವಾರಕ್ಕೆ, 2017ರ ಸೆಪ್ಟೆಂಬರ್ 12ರಂದು, ಬೆಂಗಳೂರಿನಲ್ಲಿ ಸೇರಿದ್ದ ಜನ ಹಣೆಗೆ ಕಟ್ಟಿಕೊಂಡದ್ದು 'ನಾನೂ ಗೌರಿ' ಎಂಬ ಪಟ್ಟಿ. ಆ ಘೋಷಣೆಯಲ್ಲಿ ಯಾರ ಕೊರಳೂ ಇರಲಿಲ್ಲ. ವಿಚಾರಣೆ ವರ್ಷಗಟ್ಟಲೆ ಎಳೆಯಿತು, ಜಾಮೀನಿನ ಮೇಲೆ ಬಂದ ಆರೋಪಿಗಳಿಗೆ ನಮ್ಮ ನೆಲದಲ್ಲೇ ಹಾರ ಹಾಕಿದರು. ಅದನ್ನು ನೋಡಿದ ದಿನ ನನ್ನೊಳಗಿನ ಮುತ್ಯಾ ಎದ್ದು ಕೂತಿದ್ದ, ಒಪ್ಪಿಕೊಳ್ಳುತ್ತೇನೆ. ಹೈದರಾಬಾದಿನಲ್ಲಿ 2019ರಲ್ಲಿ ನಾಲ್ವರು ಅತ್ಯಾಚಾರ ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಹೂಮಳೆಗರೆದದ್ದೂ ಇದೇ ಸಂಕಟದಿಂದಲೇ. ಸುಪ್ರೀಂ ಕೋರ್ಟ್ ನೇಮಿಸಿದ ಆಯೋಗ ಎರಡೂವರೆ ವರ್ಷದ ನಂತರ ಅದು ಬೇಕೆಂದೇ ಮಾಡಿದ ಕೊಲೆ ಎಂದಿತು. ಸತ್ತವರು ತಪ್ಪಿತಸ್ಥರೋ ಅಲ್ಲವೋ ಎಂದು ಹೇಳಲು ಇನ್ನು ಯಾವ ನ್ಯಾಯಾಲಯಕ್ಕೂ ಸಾಧ್ಯವಿಲ್ಲ.

ಢಾಕಾದಲ್ಲಿ ಕಾಲ ಇನ್ನೂ ಕಟುವಾಗಿ ತಿರುಗಿದೆ. 2024ರ ಜುಲೈನಲ್ಲಿ ಹಸೀನಾ ಹೋರಾಟನಿರತ ವಿದ್ಯಾರ್ಥಿಗಳನ್ನು ರಜಾಕಾರರ ಮೊಮ್ಮಕ್ಕಳು ಎಂಬರ್ಥದಲ್ಲಿ ಹಂಗಿಸಿದರು. ಅಂದು ರಾತ್ರಿ ಹುಡುಗರು 'ನೀನ್ಯಾರು, ನಾನ್ಯಾರು? ರಜಾಕಾರ, ರಜಾಕಾರ' ಎಂದು ಕೂಗುತ್ತ ಹಾಸ್ಟೆಲ್ಲುಗಳಿಂದ ಹೊರಬಂದರು. ಹತ್ತು ವರ್ಷ ಎದುರಾಳಿಗಳೆಲ್ಲರಿಗೂ ಹಚ್ಚಿ ಹಚ್ಚಿ ಆ ಪದದ ವಿಷವೇ ಇಳಿದುಹೋಗಿತ್ತು. ಬೀದರ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ನೆನಪಿರುವ ನಾಡಿನವನಿಗೆ ಇದು ಸಣ್ಣ ನಷ್ಟವಲ್ಲ. ಹಸೀನಾ ಸರ್ಕಾರ ಬಿದ್ದ ಮೇಲೆ, 2025ರ ಮೇ ತಿಂಗಳಲ್ಲಿ, ಅದೇ ನ್ಯಾಯಮಂಡಳಿ ಹಿಂದೆ ಗಲ್ಲು ವಿಧಿಸಿದ್ದ ಜಮಾತ್ ನಾಯಕ ಅಜರುಲ್ ಇಸ್ಲಾಂನನ್ನು ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು. ಹಿಂದಿನ ತೀರ್ಪು ಕೆಟ್ಟದ್ದಿತ್ತೋ, ಹೊಸ ಗಾಳಿಗೆ ಹೊಸ ತೀರ್ಪು ಬಂತೋ? ಯಾವುದು ನಿಜವಾದರೂ ನೇಣಿಗೇರಿದ ಆರು ಮಂದಿಯ ಕಡತ ತೆರೆದು ಪ್ರಯೋಜನವಿಲ್ಲ. ಅದೇ ವರ್ಷದ ನವೆಂಬರ್ 17ರಂದು ಅದೇ ನ್ಯಾಯಮಂಡಳಿ, ವಿದ್ಯಾರ್ಥಿ ಹೋರಾಟವನ್ನು ಹತ್ತಿಕ್ಕಿದ ಪ್ರಕರಣದಲ್ಲಿ, ಹಸೀನಾ ಅವರ ಗೈರುಹಾಜರಿಯಲ್ಲಿ ಅವರಿಗೇ ಮರಣದಂಡನೆ ವಿಧಿಸಿತು. ಹೊರಗೆ ಜನ ಸಂಭ್ರಮಿಸಿದರು.

ಶಾಹಬಾಗ್‌ನಲ್ಲಿ ಅಜೀಜ್ ಸೂಪರ್ ಮಾರ್ಕೆಟ್ ಎಂಬ ಕಟ್ಟಡವಿದೆ, ಪುಸ್ತಕದಂಗಡಿಗಳಿಗೆ ಹೆಸರಾದದ್ದು. ಅಭಿಜಿತ್ ರಾಯ್ ಅವರ ಪುಸ್ತಕ ಪ್ರಕಟಿಸಿದ್ದ ಫೈಸಲ್ ಅರೇಫಿನ್ ದೀಪನ್ ಅವರನ್ನು 2015ರ ಅಕ್ಟೋಬರ್ 31ರಂದು ಅಲ್ಲಿಯ ಅವರ ಕಚೇರಿಯಲ್ಲೇ ಕೊಂದರು. ರಕ್ತದ ಮಡುವಿನಲ್ಲಿ ಬಿದ್ದ ಮಗನನ್ನು ಕಂಡವರು ತಂದೆ, ಪ್ರಾಧ್ಯಾಪಕ ಅಬುಲ್ ಕಾಸಿಂ ಫಜ್ಲುಲ್ ಹಕ್. ಅಂದು ಪತ್ರಕರ್ತರ ಎದುರು ಅವರು ತಮಗೆ ಯಾವ ವಿಚಾರಣೆಯೂ ಬೇಡ, ಎಲ್ಲರಲ್ಲೂ ಒಳ್ಳೆಯ ಬುದ್ಧಿ ಹುಟ್ಟಿದರೆ ಸಾಕು ಎಂದರು. 2021ರ ಫೆಬ್ರುವರಿ 10ರಂದು ನ್ಯಾಯಾಲಯ ಆ ಕೊಲೆಗಾಗಿ ಎಂಟು ಮಂದಿಗೆ ಗಲ್ಲು ವಿಧಿಸಿತು.