ಗೋಧಿಯಿಲ್ಲದ ಬಿಸ್ಕತ್ತು

ಹುಟ್ಟುಹಬ್ಬದಂದು ಸಹಪಾಠಿಗಳಿಗೆ ಸಿಹಿ ಹಂಚುವ ರೂಢಿಯು ಸೀತಾಂಗೋಳಿಯಂತಹ ನಮ್ಮ ಹಳ್ಳಿಗಳಲ್ಲಿಯೂ ಬೇರೂರಿದೆ. ಒಂದು ದಿನ ನಾಲ್ಕನೆಯ ತರಗತಿಯಲ್ಲಿ ಬಿಸ್ಕತ್ತು ಹಂಚುತ್ತಿರುವಾಗ ಬಾಲಿಕೆಯೊಬ್ಬಳು ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. “ನನಗೆ ಬೇಡ ಮಾಷ್ಟ್ರೇ” ಎಂದಳು. ಬೇಡವೆಂದದ್ದು ಬಾಯಿ ಮಾತ್ರ. ಕಣ್ಣುಗಳು ಆ ಪೊಟ್ಟಣದ ಮೇಲೆಯೇ ಇದ್ದವು.

ವಿಚಾರಿಸಲಾಗಿ ಆಕೆಗೆ ಸೀಲಿಯಾಕ್ ಎಂಬ ವ್ಯಾಧಿಯಿರುವುದು ತಿಳಿಯಿತು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಇಂತಹವರ ಉದರವನ್ನು ಸೇರಿದೊಡನೆ, ದೇಹದ ರಕ್ಷಣಾಶಕ್ತಿಯೇ ಸಣ್ಣ ಕರುಳಿನ ಒಳಪದರವನ್ನು ಘಾಸಿಗೊಳಿಸುತ್ತದೆ. ಉಂಡ ಅನ್ನ ಮೈಗೆ ಹತ್ತುವುದಿಲ್ಲ, ಮಗು ಸೊರಗುತ್ತದೆ. ಇದಕ್ಕೆ ಜೀವನಪರ್ಯಂತದ ಪಥ್ಯವೇ ಮದ್ದು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ ಎಂಬವರು ಈ ಗುಟ್ಟನ್ನು ಬಿಡಿಸಿದರು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಅಲ್ಲಿ ರೊಟ್ಟಿಗೆ ಬರ ಬಂದಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ರೊಟ್ಟಿ ಮರಳಿದಾಗ ಮತ್ತೆ ಹಾಸಿಗೆ ಹಿಡಿದರು. ಗೋಧಿಯ ಮೇಲೆ ಮೊದಲೇ ಇದ್ದ ಅವರ ಸಂಶಯವು ಇದರಿಂದ ದೃಢವಾಯಿತು. 1950ರಲ್ಲಿ ಅವರು ತಮ್ಮ ಪ್ರಬಂಧವನ್ನು ಮಂಡಿಸಿದರು.

ಅಕ್ಕಿಯನ್ನೇ ನಂಬಿದ ಈ ನಾಡಿನಲ್ಲಿ ಬಿಸ್ಕತ್ತೊಂದು ದೊಡ್ಡ ಸಮಸ್ಯೆಯೇ ಎಂದು ನಾವು ಭಾವಿಸಿದೆವು. ನಮ್ಮ ಮನೆಯವರು ಮಿಲ್ಲಿನಿಂದ ಅಕ್ಕಿ ಹಿಟ್ಟನ್ನು ಮಾಡಿಸಿ ತಂದು, ತುಪ್ಪ ಬೆಲ್ಲ ಸೇರಿಸಿ ಬಿಸ್ಕತ್ತು ಬೇಯಿಸಿದರು. ಡಬ್ಬಿಯನ್ನು ಹಿಡಿದು ಮಗುವಿನ ಮನೆಗೆ ಹೋದೆವು. ತಾಯಿ ಕೈ ಮುಗಿದು, ಅಳುಕುತ್ತಲೇ ಕೇಳಿದಳು: “ಮಾಷ್ಟ್ರೇ, ಬೇಸರಿಸಬೇಡಿ. ಆ ಮಿಲ್ಲಿನಲ್ಲಿ ಗೋಧಿಯನ್ನೂ ಬೀಸುತ್ತಾರಲ್ಲವೇ?”

ನಮ್ಮಲ್ಲಿ ಉತ್ತರವಿರಲಿಲ್ಲ. ನಮಗಿಂತ ಮುಂಚೆ ಯಾರದೋ ಗೋಧಿ ಅದೇ ಕಲ್ಲಿನಲ್ಲಿ ಹಿಟ್ಟಾಗಿತ್ತು. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋ ಒಂದಕ್ಕೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂಬುದು ನಮ್ಮ ದೇಶದ ನಿಯಮ. ಕಲ್ಲಿನಲ್ಲುಳಿದ ಒಂದು ಹಿಡಿ ಹಿಟ್ಟು ಆ ಮಿತಿಯನ್ನು ಎಷ್ಟೋ ಪಾಲು ಮೀರೀತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಅಂದು ಆ ತಾಯಿಯಿಂದ ಪಾಠ ಕಲಿತೆವು. ಡಬ್ಬಿಯನ್ನು ಹಿಂದಕ್ಕೆ ತಂದು ನಾವೇ ತಿಂದು ಮುಗಿಸಿದೆವು.

ಎರಡನೆಯ ಸಲ ಆಕೆಯನ್ನು ಕೇಳಿಯೇ ಕೆಲಸಕ್ಕೆ ತೊಡಗಿದೆವು. ಅಕ್ಕಿಯನ್ನೂ ರಾಗಿಯನ್ನೂ ಆರಿಸಿ ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲಿಯೇ ನುಣ್ಣಗೆ ಪುಡಿ ಮಾಡಿ, ಹೊಸ ಜರಡಿಯಲ್ಲಿ ಜರಡಿಯಾಡಿದ್ದಾಯಿತು. ಕ್ರಮ ಹೀಗಿದೆ: ಅಕ್ಕಿ ಹಿಟ್ಟು 150 ಗ್ರಾಂ, ರಾಗಿ ಹಿಟ್ಟು 50 ಗ್ರಾಂ, ತುರಿದ ಒಣ ಕೊಬ್ಬರಿ 50 ಗ್ರಾಂ, ತುಪ್ಪ 100 ಗ್ರಾಂ, ಪುಡಿ ಬೆಲ್ಲ 90 ಗ್ರಾಂ, ಏಲಕ್ಕಿ, ಚಿಟಿಕೆ ಉಪ್ಪು, ಚಿಟಿಕೆ ಅಡುಗೆ ಸೋಡಾ. ತುಪ್ಪ ಬೆಲ್ಲಗಳನ್ನು ಚೆನ್ನಾಗಿ ನಾದಿ, ಉಳಿದುದನ್ನು ಸೇರಿಸಿ, ಉಂಡೆ ಕಟ್ಟಲು ಬೇಕಾಗುವಷ್ಟೇ ಹಾಲು ಚಿಮುಕಿಸಬೇಕು. ಅರ್ಧ ಗಂಟೆ ಮುಚ್ಚಿಟ್ಟರೆ ಹಿಟ್ಟು ತೇವವನ್ನು ಹೀರಿಕೊಂಡು ತರಿತನ ಕಡಿಮೆಯಾಗುತ್ತದೆ. ಬಳಿಕ ಚಿಕ್ಕ ಬಿಲ್ಲೆಗಳನ್ನು ತಟ್ಟಿ, ಒವನಿನಲ್ಲಿ 170 ಡಿಗ್ರಿ ಶಾಖದಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಒವನಿಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರವಿ, ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನಿಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಸುಮಾರು 25 ನಿಮಿಷ ಬೇಕಾದೀತು. ಬಿಸಿಯಿರುವಾಗ ಮುಟ್ಟಿದರೆ ಪುಡಿಯಾಗುತ್ತವೆ. ತಣಿಯುವ ತನಕ ತಾಳ್ಮೆಯಿರಲಿ.

ಪುಡಿಯಾಗುವುದೇಕೆ? ಇದನ್ನು ತರಗತಿಯಲ್ಲಿ ಪ್ರಯೋಗದಿಂದಲೇ ತೋರಿಸಿದೆವು. ಮೈದಾದ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆದರೆ ಪಿಷ್ಟವು ಹಾಲಿನಂತೆ ಹರಿದುಹೋಗಿ, ಕೈಯಲ್ಲಿ ರಬ್ಬರಿನಂತಹ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಅಕ್ಕಿ ಹಿಟ್ಟಿನ ಉಂಡೆಯಲ್ಲಿ ಏನೂ ಉಳಿಯದು. ರೊಟ್ಟಿ ಉಬ್ಬಲು ಆ ಅಂಟು ಬೇಕು. ಗರಿಗರಿಯಾದ ಬಿಸ್ಕತ್ತಿಗೆ ಅಷ್ಟಾಗಿ ಬೇಡ. ಆದುದರಿಂದಲೇ ಗೃಹಿಣಿಯರು ಧೈರ್ಯದಿಂದ ಕೈಹಾಕಬಹುದು. ಮಣೆಯ ಮುಂದೆ ತನ್ನ ಕಾಯಿಲೆಯ ಕಾರಣವನ್ನು ಕಣ್ಣಾರೆ ಕಂಡ ಆ ಬಾಲಿಕೆ, “ಇಷ್ಟೇಯಾ?” ಎಂದಳು.

ಕೆಲವು ಎಚ್ಚರಿಕೆಯ ಮಾತುಗಳು. ಸಜ್ಜಿಗೆಯ ರವೆಯೂ ಶ್ಯಾವಿಗೆಯೂ ಬಹುಮಟ್ಟಿಗೆ ಗೋಧಿಯವೇ. ಅಂಗಡಿಯ ಹಿಂಗಿನಲ್ಲಿ ಅನೇಕ ವೇಳೆ ಗೋಧಿ ಹಿಟ್ಟು ಬೆರೆತಿರುತ್ತದೆ. ಸಾಂಬಾರಿನ ಮೂಲಕವೂ ಅದು ಹೊಟ್ಟೆ ಸೇರೀತು. ಪೊಟ್ಟಣದ ಬರಹವನ್ನು ಓದಿರಿ. ಮತ್ತೊಂದು ಮಾತು: ಮಗುವಿನ ಮೈ ಸೊರಗಿತೆಂದು ತಾವಾಗಿಯೇ ಗೋಧಿಯನ್ನು ಬಿಡಿಸಬಾರದು. ಗೋಧಿ ತಿನ್ನುತ್ತಿರುವಾಗಲೇ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಬಿಡಿಸಿದರೆ ರೋಗ ಮರೆಯಾಗಿ ಕಂಡೀತು. ವ್ಯಾಧಿಯಿಲ್ಲದವರು ಬರಿಯ ಫ್ಯಾಷನ್ನಿಗಾಗಿ ಇದನ್ನು ಅನುಸರಿಸಬೇಕಾದುದಿಲ್ಲ.

ಆ ಡಬ್ಬಿಯಲ್ಲಿ ತರಗತಿಯವರಿಗೆಲ್ಲ ಸಾಲುವಷ್ಟು ಬಿಸ್ಕತ್ತುಗಳಿದ್ದವು. ಒಬ್ಬಳಿಗೆ ಮಾತ್ರ ಪ್ರತ್ಯೇಕವಾಗಿ ಕೊಟ್ಟಿದ್ದರೆ ಅದೂ ಮದ್ದಿನಂತಾಗುತ್ತಿತ್ತು. ಹಂಚುವ ಕೆಲಸವನ್ನು ಆಕೆಗೇ ಒಪ್ಪಿಸಿದೆವು. ಬೆನ್ನ ಹಿಂದೆ ಅಡಗಿದ್ದ ಕೈಗಳು ಅಂದು ಎಲ್ಲರಿಗೂ ಕೊಟ್ಟು, ಕೊನೆಯದನ್ನು ತಮಗಾಗಿ ಉಳಿಸಿಕೊಂಡವು. ವಾಚಕರ ಮನೆಗೂ ಅಂತಹ ಮಗುವೊಂದು ಬಂದೀತು. ತಟ್ಟೆಯನ್ನು ಮುಂದೊಡ್ಡುವ ಮುನ್ನ ತಾಯಿಯನ್ನು ಒಂದು ಮಾತು ಕೇಳಿರಿ, ಅದೂ ಉಪಚಾರವೇ.