ಸ್ವಿಚ್ಚುಗಳೆಲ್ಲ ಒಂದೇ ಎಂಬ ಭ್ರಮೆ



ಲುಸೈಲ್‌ನಲ್ಲಿ ನಡೆದ ನಮ್ಮ ಆರೋಗ್ಯ ತಪಾಸಣಾ ಶಿಬಿರದಲ್ಲಿ ನೋಂದಣಿಯ ಗಣಕಯಂತ್ರಗಳೆಲ್ಲ ಒಮ್ಮೆಲೇ ಸ್ತಬ್ಧವಾದುದನ್ನು ಅಲ್ಲಿದ್ದವರು ಮರೆತಿರಲಾರರು. ವಾರದ ಒಂದೇ ರಜೆಯನ್ನು ನಮಗಾಗಿ ಬಿಟ್ಟುಕೊಟ್ಟು ಬಂದ ಕಾರ್ಮಿಕ ಬಂಧುಗಳು ಸಾಲಿನಲ್ಲಿ ನಿಂತೇ ಇದ್ದರು. ನಾವು ವೈದ್ಯರು ಅವರ ರಕ್ತದೊತ್ತಡವನ್ನು ಕರಪತ್ರಗಳ ಹಿಂಬದಿಯಲ್ಲಿ ಬರೆದುಕೊಂಡೆವು. ದಾನವಾಗಿ ಬಂದ, ಮೂರು ಕಂಪನಿಗಳ ಮೂರು ಸ್ವಿಚ್ಚುಗಳು. ಅವುಗಳ ನಡುವೆ "ಒಂದು ಕೈಕೊಟ್ಟರೆ ಇನ್ನೊಂದಿರಲಿ" ಎಂದು ಎಳೆದ ಹೆಚ್ಚುವರಿ ಕೇಬಲ್. ಕಾರಣ ಇಷ್ಟೇ.

ಆಮೇಲೆ ಕೇಳಿಬಂದ ತೀರ್ಪು ಮಾತ್ರ ವಿಚಿತ್ರ: "ಆ ಸ್ಪ್ಯಾನಿಂಗ್ ಟ್ರೀಯೇ ಪೀಡೆ, ಅದನ್ನು ಆಫ್ ಮಾಡಿಬಿಡಿ." ಇದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ.

ಈಥರ್ನೆಟ್ ಸಂದೇಶಕ್ಕೆ ಆಯುಷ್ಯದ ಮಿತಿಯಿಲ್ಲ. ಮಾರ್ಗವು ವರ್ತುಲವಾದರೆ ಅದು ಸುತ್ತುತ್ತಲೇ, ಹೆಚ್ಚುತ್ತಲೇ ಇರುತ್ತದೆ. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯಲ್ಲಿದ್ದ ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಹೆಚ್ಚುವರಿ ದಾರಿಯನ್ನು ಮುಚ್ಚಿಟ್ಟು, ಮುಖ್ಯ ದಾರಿ ಕಡಿದಾಗ ಮಾತ್ರ ತೆರೆಯುತ್ತದೆ. ಹಳೆಯ ರೀತಿಯಲ್ಲಿ ಇದಕ್ಕೆ 30 ಸೆಕೆಂಡುಗಳಾದರೂ ಬೇಕು. ನಮ್ಮವರ ತಾಳ್ಮೆ ಕೆಟ್ಟದ್ದು ಅಲ್ಲಿಯೇ.

ದೋಷವಿರುವುದು ಬೆರಕೆಯಲ್ಲಿ. ರಕ್ತವೆಲ್ಲ ಕೆಂಪೇ ಎಂದು ಗುಂಪು ನೋಡದೆ ಏರಿಸುವ ವೈದ್ಯನುಂಟೇ? ಸಿಸ್ಕೋ ಸ್ವಿಚ್ಚುಗಳು ವಾಡಿಕೆಯಾಗಿ ವಿಎಲ್ಯಾನ್ ಎಂಬ ಪ್ರತಿ ಉಪಜಾಲಕ್ಕೂ ಒಂದೊಂದು ಮರವನ್ನು ಕಟ್ಟುತ್ತವೆ. ಐಇಇಇ ಮಾನಕವನ್ನಷ್ಟೇ ಪಾಲಿಸುವ ಸ್ವಿಚ್ಚು ಇಡೀ ಜಾಲಕ್ಕೆ ಒಂದೇ ಮರವನ್ನು ಕಟ್ಟಬಹುದು. ಸಾಮಾನ್ಯವಾಗಿ ಮೊದಲನೆಯ ವಿಎಲ್ಯಾನಿನಲ್ಲಿ ಮಾತ್ರ ಇವೆರಡಕ್ಕೂ ಮಾತುಕತೆ. ಉಳಿದವುಗಳ ಸಂದೇಶವನ್ನು ಎರಡನೆಯದು ಓದದೆಯೇ ಮುಂದಕ್ಕೆ ದಾಟಿಸುತ್ತದೆ. ದಾರಿಯ ಬೆಲೆಯ ಲೆಕ್ಕವೂ ಬೇರೆ: ಗಿಗಾಬಿಟ್ ಕೊಂಡಿಗೆ ಹಳೆಯ ಪಟ್ಟಿಯಲ್ಲಿ 4, ಹೊಸದರಲ್ಲಿ 20000. ಮರದ ಬೇರಾಗುವ ಸ್ವಿಚ್ಚನ್ನು ನಾವೇ ನಿಗದಿಪಡಿಸದಿದ್ದರೆ ಎಲ್ಲವೂ 32768 ಎಂಬ ಸಮಾನ ಆದ್ಯತೆಯಲ್ಲಿ ನಿಲ್ಲುತ್ತವೆ. ಆಗ ಅತಿ ಚಿಕ್ಕ ಮ್ಯಾಕ್ ವಿಳಾಸವುಳ್ಳದ್ದು, ಎಷ್ಟೋ ಸಲ ಅತ್ಯಂತ ಹಳೆಯ ಪೆಟ್ಟಿಗೆಯೇ, ಯಜಮಾನನಾಗುತ್ತದೆ. ನಮ್ಮ ಮೂರನೆಯ ಸ್ವಿಚ್ಚಂತೂ ಮನೆಬಳಕೆಯದು. ಅದಕ್ಕೆ ಈ ವಿದ್ಯೆಯ ಗಂಧವೇ ಇರಲಿಲ್ಲ.

ಇದು ಶಿಬಿರದ ಕ್ಷುಲ್ಲಕ ತೊಡಕೆಂದು ನಗುವವರು ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯನ್ನು ನೆನೆಯಲಿ. ವರ್ಷಗಳ ಕಾಲ ತುಂಡುತುಂಡಾಗಿ ಬೆಳೆದ ಅದರ ಜಾಲ ಸ್ಪ್ಯಾನಿಂಗ್ ಟ್ರೀಯ ಮಿತಿಯನ್ನು ಮೀರಿ 2002ರ ನವೆಂಬರಿನಲ್ಲಿ ಕುಸಿಯಿತು. ವೈದ್ಯರೂ ದಾದಿಯರೂ ದಿನಗಟ್ಟಲೆ ಕಾಗದದ ಮೇಲೆ ಕೆಲಸ ಮಾಡಿದರು. ಅಲ್ಲಿನ ಮಾಹಿತಿ ವ್ಯವಸ್ಥೆಯ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕಾ, ಸ್ವತಃ ವೈದ್ಯರು, ಆ ವೈಫಲ್ಯವನ್ನು ಮುಚ್ಚಿಡದೆ ಲೋಕಕ್ಕೆಲ್ಲ ಹೇಳಿದರು. ನಮ್ಮಲ್ಲಿ ಅಷ್ಟು ಧೈರ್ಯವಿದೆಯೇ?

ಒಂದೇ ಕಂಪನಿಯ ಸರಕನ್ನು ಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಸಂಘದ ಬೊಕ್ಕಸವನ್ನು ಬಲ್ಲೆವು. ಬೆರಕೆಯಿರಲಿ, ಆದರೆ ಎಲ್ಲ ಸ್ವಿಚ್ಚುಗಳನ್ನೂ ಅವು ಒಪ್ಪುವ ಒಂದೇ ಮಾನಕಕ್ಕೆ, ಸಾಧ್ಯವಾದರೆ ಎಂಎಸ್‌ಟಿಪಿಗೆ, ಹೊಂದಿಸಿರಿ. ದಾರಿಯ ಬೆಲೆಗೆ ಒಂದೇ ಪಟ್ಟಿಯನ್ನು ಹಿಡಿಯಿರಿ. ಗಟ್ಟಿಯಾದ ಒಂದಕ್ಕೆ 4096 ಆದ್ಯತೆ ಕೊಟ್ಟು ಅದನ್ನೇ ಬೇರಾಗಿಸಿರಿ. ಮನೆಬಳಕೆಯದನ್ನು ಕೊನೆಯಲ್ಲಿ, ಒಂದೇ ಕೇಬಲ್ಲಿನಿಂದ ಜೋಡಿಸಿರಿ. ಹಿಂದಿನ ರಾತ್ರಿಯೇ ಒಂದು ಕೇಬಲ್ಲನ್ನು ಕಿತ್ತು ಪರೀಕ್ಷಿಸಿರಿ. ಸದಸ್ಯರಲ್ಲಿ ಇಷ್ಟೊಂದು ಇಂಜಿನಿಯರುಗಳಿರುವ ಸಂಘಕ್ಕೆ ಇದು ಭಾರವೆಂದರೆ ನಾವು ನಂಬುವುದಿಲ್ಲ.

ಆ ಪರೀಕ್ಷೆ ನಡೆಯದಿದ್ದರೆ ಮುಂದಿನ ಶಿಬಿರದಲ್ಲಿ ನಮ್ಮ ಮೇಜುಗಳ ಮೇಲೆ ಗಣಕಯಂತ್ರ ಇರುವುದಿಲ್ಲ. ಮುದ್ರಿತ ನಮೂನೆಗಳನ್ನು ನಾವೇ ತರುತ್ತೇವೆ.